ಆ ಗೊಬ್ಬರ ಅಲ್ರಿ

ಹನ್ನೊಂದು ವರ್ಷದಲ್ಲಿ ಪುಣೆ ಸಾಬವ್ವನಿಗೆ ಆರು ಮರಾಠಿ ಮಾತು ಕಲಿಸಿತ್ತು. ಉಚಲ, ಠೇವ, ಸರಕ, ಲವಕರ, ಪಾಣಿ, ಪಗಾರ. ಎತ್ತು, ಇಡು, ಅತ್ತ ಸರಿ, ಬೇಗ, ನೀರು, ಸಂಬಳ. ಇಟ್ಟಿಗೆ ಹೊರುವವಳಿಗೆ ಇದಕ್ಕಿಂತ ಹೆಚ್ಚು ಮಾತು ಯಾಕೆ ಬೇಕು? ಕೂಸಿನ ಮೈ ಸುಡುತ್ತಿದೆ, ಎರಡು ದಿನದಿಂದ ಏನೂ ತಿಂದಿಲ್ಲ ಎಂಬುದನ್ನು ಮರಾಠಿಯಲ್ಲಿ ಹೇಗೆ ಹೇಳುತ್ತಾರೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳೂ ಕೇಳಿರಲಿಲ್ಲ.

ಸಾಬವ್ವ ಸುರಪುರದ ಕಡೆಯ ಹೊಲಗೇರಿಯವಳು. ಗಂಡ ತೀರಿಕೊಂಡಿದ್ದ. ಮಗಳು ಅನುಸೂಯಾ ಜೊತೆಗಿದ್ದಳು. ಅಳಿಯ ಬೇರೊಂದು ಸೈಟಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ತಾಯಿ ಮಗಳು ಇಬ್ಬರೂ ಹಿಂಜವಾಡಿಯಲ್ಲಿ ಏಳುತ್ತಿದ್ದ ಒಂದು ಸಾಫ್ಟ್‌ವೇರ್ ಕಂಪನಿಯ ಕಟ್ಟಡಕ್ಕೆ ಇಟ್ಟಿಗೆ, ಉಸುಕು, ಕಾಂಕ್ರೀಟು ಹೊರುತ್ತಿದ್ದರು. ಅದು 2003ನೇ ಇಸವಿ. ಕಟ್ಟಡಕ್ಕೆ ಮುಂದೆಲ್ಲ ಗಾಜು, ಹಿಂದೆಲ್ಲ ತಗಡು. ಗಾಜಿನ ಮುಂದೆ ಹಸಿರು ಹುಲ್ಲು ಹಾಸಿದ್ದರು. ತಗಡಿನ ಕಡೆಗೆ ಮೂವತ್ತೆರಡು ಶೆಡ್ಡುಗಳು, ಒಂದು ನಳ. ಹುಲ್ಲಿಗೆ ದಿನಕ್ಕೆ ಎರಡು ಹೊತ್ತು ನೀರು ಬಿಡುತ್ತಿದ್ದರು, ಶೆಡ್ಡಿಗೆ ಒಂದೇ ಹೊತ್ತು.

ಮೊಮ್ಮಗಳ ಹೆಸರು ಭೀಮವ್ವ. ಎರಡು ವರ್ಷ. ಹೆಸರಿನಲ್ಲಿ ಇದ್ದಷ್ಟು ಭಾರ ಮೈಯಲ್ಲಿ ಇರಲಿಲ್ಲ. ಆದರೂ ಹಟ ಭಾಳ. ಅಜ್ಜಿ ಎತ್ತಿಕೊಳ್ಳದಿದ್ದರೆ ಉಸುಕಿನ ಗುಡ್ಡೆಯ ಮೇಲೆ ಕೂತು ಬರುವವರಿಗೆಲ್ಲ ಉಸುಕು ಎರಚುತ್ತಿತ್ತು. ಆ ಕೂಸು ನಾಲ್ಕು ದಿನದಿಂದ ಉಸುಕು ಮುಟ್ಟಿರಲಿಲ್ಲ. ಮೂಗು ಸೋರುತ್ತಿತ್ತು. ಕಣ್ಣು ಕೆಂಪಾಗಿ ಬೆಳಕಿಗೆ ಮುಖ ತಿರುಗಿಸುತ್ತಿತ್ತು. ಒಣ ಕೆಮ್ಮು. ಐದನೆಯ ದಿನ ಬೆಳಿಗ್ಗೆ ಮುಖದ ಮೇಲೆ ಕೆಂಪು ಚುಕ್ಕೆ ಎದ್ದವು.

"ಬೆವರುಸಾಲಿ ಇರಬೇಕವ್ವ," ಎಂದಳು ಅನುಸೂಯಾ. "ತಗಡು ಎಷ್ಟು ಕಾಯ್ಲಾಕತ್ತದ ನೋಡು."

"ಬೆವರುಸಾಲಿಗೆ ಮೂಗು ಸೋರ್ತದೇನ? ಹಡದಿ ಖರೆ, ನೋಡ್ಲಾಕ ಕಲೀಲಿಲ್ಲ."

ಸಾಬವ್ವನಿಗೆ ಈ ವಿಷಯದಲ್ಲಿ ಸ್ವಲ್ಪ ಸೊಕ್ಕು. ಮೂವತ್ತೆರಡು ಶೆಡ್ಡಿಗೂ ತಾನೇ ಡಾಕ್ಟರ್ ಎಂಬಂತೆ ನಡೆದುಕೊಳ್ಳುತ್ತಿದ್ದಳು. ಕೂಸನ್ನು ಬಾಗಿಲ ಬೆಳಕಿಗೆ ತಂದು ಕಿವಿ ಮಡಚಿ ಹಿಂದೆ ನೋಡಿದಳು. ಬೆವರುಸಾಲೆ ಕೊರಳಲ್ಲಿ, ಬೆನ್ನಲ್ಲಿ ಏಳುತ್ತದೆ. ಸಿಡುಬಾದರೆ ಗುಳ್ಳೆಯಲ್ಲಿ ನೀರು ತುಂಬುತ್ತದೆ. ಇದು ಹಾಗಲ್ಲ. ಕಿವಿಯ ಹಿಂದಿನಿಂದ ಶುರುವಾಗಿ, ಮುಖ ತುಂಬಿ, ಕೊರಳಿಗೆ ಇಳಿಯುತ್ತಿತ್ತು. ಬೆರಳಿಟ್ಟು ಬಾಯಿ ತೆರೆಸಿದಳು. ಗಲ್ಲದ ಒಳಗೆ ರವೆ ಚೆಲ್ಲಿದಂತೆ ಬಿಳಿ ಕಾಳು.

"ಗೊಬ್ಬರ ಎದ್ದಾವ," ಎಂದಳು.

ಅವರ ಕಡೆ ಈ ರೋಗಕ್ಕೆ ಅದೇ ಹೆಸರು. ಬೆಂಗಳೂರಿನ ಕಡೆಯವರು ದಡಾರ ಎನ್ನುತ್ತಾರೆ. ಸಾಬವ್ವನಿಗೆ ದಡಾರ ಗೊತ್ತಿರಲಿಲ್ಲ, ಬೆಂಗಳೂರೂ ಗೊತ್ತಿರಲಿಲ್ಲ. ರಸ್ತೆ ಬದಿಯ ಮರದಿಂದ ಬೇವಿನ ಸೊಪ್ಪು ಮುರಿದು ತಂದು ಬಾಗಿಲ ತಂತಿಗೆ ಸಿಕ್ಕಿಸಿದಳು. ಆ ಸೊಪ್ಪು ಕಂಡರೆ ಕೂಸುಳ್ಳವರು ಈ ಕಡೆ ಬರುವುದಿಲ್ಲ. ಒಲೆಯ ಮೇಲೆ ಒಗ್ಗರಣೆ ಹಾಕುವುದು ನಿಂತಿತು. ದೇವಿಗೆ ಕೈ ಮುಗಿದಳು. ಅಷ್ಟಕ್ಕೇ ಬಿಡುವ ಹೆಂಗಸಲ್ಲ ಅವಳು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಸೈಟಿನ ದವಾಖಾನೆಗೂ ಹೊರಟಳು. ದೇವಿ ಮತ್ತು ಡಾಕ್ಟರ್ ಇಬ್ಬರಲ್ಲಿ ಯಾರಾದರೊಬ್ಬರಿಗೆ ಕಿವಿ ಕೇಳಿಸೀತು ಎಂದು ಅವಳ ಲೆಕ್ಕ.

ದವಾಖಾನೆ ಎಂದರೆ ಒಂದು ಕೋಣೆ. ಪ್ರತಿ ಮಂಗಳವಾರ ಡಾಕ್ಟರ್ ಸ್ವಪ್ನಿಲ್ ಬರುತ್ತಿದ್ದರು. ಕಾಂಟ್ರಾಕ್ಟರ್ ಗೊತ್ತುಮಾಡಿದ ಡಾಕ್ಟರು, ಮರಾಠಿಯವರು. ಮೇಜಿನ ಆಚೆ ಅವರ ಕುರ್ಚಿ. ಮೇಜಿನ ಈಚೆ ಕುರ್ಚಿ ಇರಲಿಲ್ಲ. ಕೆಲಸದವರು ಹೊಸ್ತಿಲಲ್ಲೇ ನಿಂತು ರೋಗ ಹೇಳಬೇಕು. ಸಾಬವ್ವನ ಕನ್ನಡ ಡಾಕ್ಟರಿಗೆ ತಿಳಿಯದು. ಅದಕ್ಕೆ ಸೇಫ್ಟಿ ಆಫೀಸರ್ ಕುಶಲ ನಡುವೆ ನಿಂತಿದ್ದ. ಬೆಂಗಳೂರಿನ ಹುಡುಗ, ಇಪ್ಪತ್ತಾರು ವರ್ಷ, ಪುಣೆಯ ನಿಗಡಿ ಬಡಾವಣೆಯಲ್ಲಿ ಫ್ಲ್ಯಾಟ್ ಮಾಡಿಕೊಂಡಿದ್ದ. ತಲೆಯ ಮೇಲೆ ಸದಾ ಹಳದಿ ಹೆಲ್ಮೆಟ್. ಊಟ ಮಾಡುವಾಗಲೂ ತೆಗೆಯುತ್ತಿರಲಿಲ್ಲ. ಅನ್ನದ ತುತ್ತು ಮೇಲಿಂದ ಬಿದ್ದೀತೆಂದು ಹೆದರುತ್ತಾನೆ ಎಂದು ಹೆಂಗಸರು ನಗುತ್ತಿದ್ದರು. ಕೆಟ್ಟವನಲ್ಲ. ಸಾಬವ್ವನನ್ನು ಸಾಬಮ್ಮ ಎನ್ನುತ್ತಿದ್ದ, ತಿದ್ದಿದರೂ ಹಾಗೇ ಎನ್ನುತ್ತಿದ್ದ.

"ಏನಾಯ್ತು ಸಾಬಮ್ಮ?"

"ಗೊಬ್ಬರ ಎದ್ದಾವ್ರಿ ಸಾಹೇಬ್ರ, ಕೂಸಿಗಿ. ಜ್ವರ ಬಂದು ನಾಕು ದಿನ ಆತು."

"ಗೊಬ್ಬರಾನಾ?"

"ಹೌದ್ರಿ, ಗೊಬ್ಬರ."

ಕುಶಲ ಯೋಚಿಸಿದ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರು ದಿನದ ಹಿಂದೆಯಷ್ಟೇ ಮುಂದಿನ ಹುಲ್ಲಿಗೆ ಎರಡು ಟ್ರ್ಯಾಕ್ಟರ್ ಕೋಳಿ ಗೊಬ್ಬರ ಹರಡಿಸಿದ್ದರು. ಶೆಡ್ಡಿನ ಮಕ್ಕಳು ಅಲ್ಲಿಗೆ ಓಡಿಹೋಗುವುದನ್ನು ಅವನೇ ಕಂಡಿದ್ದ. ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ. ಮಗುವಿಗೆ ಗೊಬ್ಬರ ತಾಗಿದೆಯಂತೆ, ಅದರಿಂದ ಮೈಮೇಲೆ ಎದ್ದಿದೆಯಂತೆ. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರೇ ತುಂಬಿದ ಜಗತ್ತು. ಡಾಕ್ಟರ್ ತಲೆ ಆಡಿಸಿದರು.

ಅವರು ಕುರ್ಚಿಯಿಂದ ಏಳಲಿಲ್ಲ. ಕೂಸನ್ನು ಹತ್ತಿರ ತರಲು ಸನ್ನೆ ಮಾಡಿದರು. ಕೈಯಲ್ಲಿದ್ದ ಪೆನ್ನಿನ ತುದಿಯಿಂದ ಅದರ ಅಂಗಿ ಎರಡು ಇಂಚು ಎತ್ತಿದರು. ನೋಡಿದರು. ಪೆನ್ನು ತೆಗೆದರು, ಅಂಗಿ ಬಿತ್ತು. ಪೆನ್ನನ್ನು ಹತ್ತಿಯಿಂದ ಒರೆಸಿ, ಅದೇ ಪೆನ್ನಿನಲ್ಲಿ ಅಲರ್ಜಿ ಎಂದು ಬರೆದರು. ಕಿವಿಯ ಹಿಂದೆ ನೋಡಲಿಲ್ಲ. ಬಾಯಿ ತೆರೆಸಲಿಲ್ಲ. ಜ್ವರ ಎಷ್ಟಿದೆ ಎಂದು ಕೈ ಇಡಲಿಲ್ಲ. ಗುಲಾಬಿ ಬಣ್ಣದ ಲೋಶನ್ನಿನ ಒಂದು ಶೀಶೆ ಮೇಜಿನ ಅಂಚಿಗೆ ಸರಿಸಿದರು.

"ಹಚ್ಚಮ್ಮ, ಹೋಗತ್ತೆ," ಎಂದ ಕುಶಲ.

ಸಾಬವ್ವ ಶೀಶೆ ತೆಗೆದುಕೊಂಡಳು. ಗೊಬ್ಬರಕ್ಕೆ ಲೋಶನ್ ಹಚ್ಚುವುದನ್ನು ಅವಳು ಎಂದೂ ಕೇಳಿರಲಿಲ್ಲ. ಓದಿದವರು, ಏನೋ ಇರಬೇಕು ಅಂದುಕೊಂಡಳು.

ಮರುದಿನ ಬುಧವಾರ. ಬೆಳಿಗ್ಗೆ ಮುಕಾದಮ ಅಂಬಾರಾಯ ಹೆಂಗಸರನ್ನೆಲ್ಲ ಹುಲ್ಲಿನ ಮುಂದೆ ನಿಲ್ಲಿಸಿದ. ಕೂಲಿಯವರ ಟೋಳಿಯನ್ನು ಊರಿಂದ ಕರೆತಂದವನು ಅವನೇ. ಸಾಬವ್ವನಿಗೆ ಕೇರಿಯ ಸಂಬಂಧದಲ್ಲಿ ತಮ್ಮನಾಗಬೇಕು.

"ಹರಡಿದ ಗೊಬ್ಬರ ಅಷ್ಟೂ ತೆಗೀಬೇಕು. ಒಂದು ಹಿಡಿ ಉಳೀಬಾರ್ದು. ಶುಕ್ರವಾರ ಉದ್ಘಾಟನಾ ಅದ, ಪರದೇಶದ ಮಂದಿ ಬರ್ತಾರ."

"ಹಾಕಿದವ್ರು ನಾವ. ಈಗ ತೆಗಿಯವ್ರೂ ನಾವ ಏನು?" ಎಂದಳು ಒಬ್ಬಳು.

"ನನಗೇನ ಗೊತ್ತು. ತೆಗೀರಿ ಅಂದಾರ."

ಹರಡುವುದು ಸುಲಭ, ತೆಗೆಯುವುದು ಕಷ್ಟ. ಮೂರು ದಿನ ನೀರು ಕುಡಿದು ಗೊಬ್ಬರ ಹುಲ್ಲಿನ ಬುಡಕ್ಕೆ ಇಳಿದಿತ್ತು. ಸಲಿಕೆ ಹಾಕಿದರೆ ಹುಲ್ಲು ಕೀಳುತ್ತದೆ, ಹುಲ್ಲು ಕಿತ್ತರೆ ಸಾಹೇಬರು ಕೂಗುತ್ತಾರೆ. ಕುಕ್ಕರಗಾಲಲ್ಲಿ ಕೂತು ಬರಿಗೈಯಿಂದ ಬಳಿಯಬೇಕು. ಬುಟ್ಟಿ ತುಂಬಬೇಕು. ತಲೆಯ ಮೇಲೆ ಹೊತ್ತು ಹಿಂದಿನ ತಗ್ಗಿಗೆ ಹಾಕಿ ಬರಬೇಕು. ನಾಲ್ಕು ನೂರು ಹೆಜ್ಜೆ ಹೋಗುವುದು, ನಾಲ್ಕು ನೂರು ಹೆಜ್ಜೆ ಬರುವುದು. ಕೈಗವಸು ಕೇಳಿದ್ದಕ್ಕೆ ಸೇಫ್ಟಿ ಆಫೀಸರ್ ಪುಸ್ತಕದಲ್ಲಿ ಬರೆದುಕೊಂಡ. ಬರೆದುಕೊಂಡದ್ದೇ ಬಂತು.

ಕೋಳಿ ಗೊಬ್ಬರದ ನೀರು ಸಿಂಬೆ ನೆನೆಸಿ, ಹಣೆಗೆ ಇಳಿದು, ಕಣ್ಣಿಗೆ ಹೋಗುತ್ತಿತ್ತು. ಒರೆಸಲು ಕೈ ಎತ್ತಿದರೆ ಕೈಗೂ ಅದೇ. ಉಗುರಿನೊಳಗೆ ಉರಿ. ಗಂಟಲು ಸುಡುವ ಘಾಟು. ಮಧ್ಯಾಹ್ನ ರೊಟ್ಟಿ ಬಿಚ್ಚಿದವರು ಹಾಗೇ ಕಟ್ಟಿಟ್ಟರು. ಅನುಸೂಯಾ ಭೀಮವ್ವನನ್ನು ಗೋಡೆಯ ನೆರಳಿನಲ್ಲಿ ಚಾದರ ಹಾಸಿ ಮಲಗಿಸಿದ್ದಳು. ಪ್ರತಿ ಸಲ ಬುಟ್ಟಿ ಹೊತ್ತು ದಾಟುವಾಗ ಕೂಸಿನ ಕೆಮ್ಮು ಕೇಳಬೇಕು, ನಿಲ್ಲದೆ ಹೋಗಬೇಕು. ಅಂದು ಅವಳ ಎದೆಯ ಹಾಲು ಕುಪ್ಪಸದಲ್ಲೇ ಸೋರಿಹೋಯಿತು. ಗೊಬ್ಬರದ ಕೈಯಲ್ಲಿ ಕೂಸನ್ನು ಮುಟ್ಟುವುದು ಹೇಗೆ?

ಸಂಜೆ ಮುಂದೆ ಸಾಬವ್ವ ಅಂಬಾರಾಯನನ್ನು ಹಿಡಿದು ನಿಲ್ಲಿಸಿದಳು.

"ಖರೆ ಹೇಳು ತಮ್ಮಾ. ಯಾವ ಹುಚ್ಚ ಹೇಳ್ಯಾನ ಇದನ್ನ?"

ಅಂಬಾರಾಯ ಅವಳ ಮುಖ ನೋಡಿದ. "ನೀನ ಹೇಳಿದಿ ಅಂತಲ್ಲಕ್ಕ. ಕೂಸಿಗಿ ಗೊಬ್ಬರದಿಂದ ಎದ್ದದ ಅಂತ. ಡಾಕ್ಟರ್ ಸಾಹೇಬ್ರು ಕಾಗದ ಬರ್ದು ಕಳಿಸ್ಯಾರ. ಗೊಬ್ಬರ ತೆಗದ್ರ ರೋಗ ಹೋಗ್ತದಂತ."

ಸಾಬವ್ವನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಬುಟ್ಟಿ ಇಳಿಸಿ ಕೂತುಬಿಟ್ಟಳು. ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದವಳಿಗೆ ಹೇಳಿದಳು, ಅವಳೂ ನಕ್ಕಳು. ಹುಲ್ಲಿನ ಉದ್ದಕ್ಕೂ ಮಾತು ಹರಿದು ಇಪ್ಪತ್ತು ಹೆಂಗಸರು ಗೊಬ್ಬರ ಮೆತ್ತಿದ ಮುಖದಲ್ಲಿ ಬಿದ್ದು ಬಿದ್ದು ನಕ್ಕರು. ಗೇಟಿನ ಕಾವಲುಗಾರ ಏನಾಯಿತೆಂದು ಓಡಿಬಂದ.

ನಗು ನಿಂತ ಮೇಲೆ ಗೋಡೆಯ ಕಡೆಯಿಂದ ಕೆಮ್ಮು ಕೇಳಿಸಿತು. ಸಾಬವ್ವ ತನ್ನ ಎರಡೂ ಕೈ ನೋಡಿಕೊಂಡಳು. ಇಡೀ ದಿನ ಇಪ್ಪತ್ತು ಹೆಂಗಸರು ಹೊಲಸು ಹೊತ್ತದ್ದು ಅವಳ ಬಾಯಿಂದ ಬಂದ ಒಂದು ಮಾತಿಗೆ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೇಳಿದವರು ಕೂಸಿನ ಕಡೆ ಒಂದು ಸಲ ಸರಿಯಾಗಿ ನೋಡಿದ್ದರೆ ಸಾಕಿತ್ತು. ಅವಳಿಗೆ ಕೆಟ್ಟ ಸಿಟ್ಟು ಬಂತು. ಕೈ ತೊಳೆಯದೆ ಕುಶಲನ ಆಫೀಸಿಗೆ ನಡೆದಳು.

ಕುಶಲ ಮೂಗು ಮುಚ್ಚಿಕೊಂಡ.

"ಆ ಗೊಬ್ಬರ ಅಲ್ರಿ ಸಾಹೇಬ್ರ."

"ಮತ್ತೆ ಯಾವ ಗೊಬ್ಬರ? ಯೂರಿಯಾನಾ?"

"ಹೊಲಕ್ಕ ಹಾಕೋದಲ್ರಿ. ಮೈಗಿ ಏಳೋದು. ಮೊದಲ ಜ್ವರ, ನೆಗಡಿ, ಕಣ್ಣು ಕೆಂಪು. ಆಮ್ಯಾಲ ಕಿವಿ ಹಿಂದಿಂದ ಎದ್ದು ಕೆಳಗ ಇಳೀತಾವಲ್ರಿ, ಅವು. ಒಂದು ಕೂಸಿಗಿ ಎದ್ರ ಹತ್ತು ಕೂಸಿಗಿ ಹತ್ತತಾವ. ನಿಮ್ಮ ಕಡೆ ಏನಂತೀರೋ ನನಗೇನ ಗೊತ್ರಿ."

ಕುಶಲನಿಗೂ ಗೊತ್ತಿರಲಿಲ್ಲ. ಆದರೆ ಅವನಿಗೆ ಬೆಂಗಳೂರಿನಲ್ಲಿ ತಾಯಿ ಇದ್ದಳು, ಜೇಬಿನಲ್ಲಿ ಮೊಬೈಲ್ ಇತ್ತು. ಸಾಬವ್ವ ಹೇಳಿದ್ದನ್ನು ಒಂದೊಂದಾಗಿ ಫೋನಿಗೆ ಒಪ್ಪಿಸಿದ. ಆಚೆಯಿಂದ ತಾಯಿಯ ದನಿ ಕೋಣೆಗೆಲ್ಲ ಕೇಳಿತು. "ಅಯ್ಯೋ, ಅದು ದಡಾರ ಕಣೋ. ನಿನಗೆ ಚಿಕ್ಕಂದಿನಲ್ಲಿ ಆಗಿಲ್ಲ, ಹತ್ತಿರ ಹೋಗಬೇಡ." ಕುಶಲ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದ. ಅವನ ಮುಖದಲ್ಲಿ ನಾಚಿಕೆಯೂ ಇತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. "ಡಾಕ್ಟರಿಗೆ ಹೇಳ್ತೀನಿ ಸಾಬಮ್ಮ," ಎಂದ.

ಹೇಳಿದ. ಡಾಕ್ಟರ್ ಗುರುವಾರ ಬೆಳಿಗ್ಗೆಯೇ ಬಂದರು. ಆದರೆ ಅಲರ್ಜಿ ಎಂಬ ಕಾಗದ ಆಗಲೇ ಮೇಲಕ್ಕೆ ಹೋಗಿತ್ತು. ಈಗ ಅದು ಅಂಟುರೋಗ ಎಂದರೆ ಸರಕಾರಿ ಆರೋಗ್ಯದವರು ಬರುತ್ತಾರೆ, ಶೆಡ್ಡು ಎಣಿಸುತ್ತಾರೆ, ನಳ ಎಷ್ಟು, ಪಾಯಖಾನೆ ಎಷ್ಟು ಎಂದು ಕೇಳುತ್ತಾರೆ. ನಾಳೆಯೇ ಉದ್ಘಾಟನೆ. ಡಾಕ್ಟರ್, ಕಾಂಟ್ರಾಕ್ಟರ್ ಇಬ್ಬರೂ ಫೋನಿನಲ್ಲಿ ಮಾತಾಡಿ, ಅಲರ್ಜಿಯೇ ಇರಲಿ ಎಂದು ತೀರ್ಮಾನಿಸಿದರು. ರೋಗವನ್ನು ಕೇಳುವ ಪ್ರಶ್ನೆ ಬರಲಿಲ್ಲ.

ಸಾಬವ್ವನಿಗೆ ಬುಲಾವು ಬಂತು. ಕೂಸನ್ನು ಎತ್ತಿಕೊಂಡೇ ಹೋದಳು. ರಾತ್ರಿಯಿಂದ ಭೀಮವ್ವನ ಉಸಿರು ಬದಲಾಗಿತ್ತು. ಪಕ್ಕೆಲುಬಿನ ಕೆಳಗೆ ಹೊಟ್ಟೆ ಒಳಕ್ಕೆ ಸೆಳೆಯುತ್ತಿತ್ತು. ಅಳುವಷ್ಟೂ ದನಿ ಇರಲಿಲ್ಲ. ಮೇಜಿನ ಮೇಲೆ ಇಂಗ್ಲಿಷಿನ ಕಾಗದ, ಪಕ್ಕದಲ್ಲಿ ಹೆಬ್ಬೆಟ್ಟಿನ ಮಸಿ. ಅಂಬಾರಾಯ ಮೂಲೆಯಲ್ಲಿ ಟೋಪಿ ಹಿಡಿದು ನಿಂತಿದ್ದ.

"ಇದ್ರಾಗ ಏನ ಬರ್ದಾರ್ರಿ?"

ಕುಶಲ ಹೆಲ್ಮೆಟ್ ಸರಿಮಾಡಿಕೊಂಡ. "ಮಗು ಲಾನ್ ಮೇಲೆ ಆಡ್ತಿತ್ತು, ಗೊಬ್ಬರ ತಾಗಿ ಅಲರ್ಜಿ ಆಯ್ತು, ನಾವು ಸರಿಯಾಗಿ ನೋಡ್ಕೊಂಡಿಲ್ಲ ಅಂತ. ಫಾರ್ಮಾಲಿಟಿ ಅಷ್ಟೇ."

"ಗೊಬ್ಬರ ಎದ್ದಾವ ಅಂತ ಬರ್ದಾರೇನ್ರಿ?"

"ಇಲ್ಲ."

"ಮತ್ತ ನಾ ಯಾಕ ಒತ್ಲಿ?"

ಇವಳು ಏನು ಹೇಳುತ್ತಾಳೆ ಎಂದು ಡಾಕ್ಟರ್ ಕೇಳಿದರು. ಕುಶಲ ಹೇಳುವ ಮೊದಲೇ ಸಾಬವ್ವ ಹೊಸ್ತಿಲು ದಾಟಿದಳು. ಆ ಕೋಣೆಯ ಹೊಸ್ತಿಲನ್ನು ಕೆಲಸದವರು ಒಳಗೆ ಬಾ ಎನ್ನುವ ಮೊದಲೇ ದಾಟಿದ್ದು ಅದೇ ಮೊದಲು. ಭೀಮವ್ವನನ್ನು ಮೇಜಿನ ಮೇಲೆ, ಆ ಕಾಗದದ ಮೇಲೆಯೇ ಮಲಗಿಸಿದಳು.

"ಒಮ್ಮಿ ಕೈ ಹಚ್ಚಿ ನೋಡ್ರಿ ಸಾಹೇಬ್ರ. ಬಾಯಿ ತೆರಸ್ರಿ. ಕಿವಿ ಮಡಚ್ರಿ. ಎದಿಗಿ ನಿಮ್ಮ ನಳಿಗಿ ಹಚ್ರಿ. ಆಮ್ಯಾಲ ಅಲರ್ಜಿ ಅನ್ರಿ, ಒತ್ತತೀನಿ."

ಇದಕ್ಕೆ ಭಾಷಾಂತರ ಬೇಕಾಗಲಿಲ್ಲ. ಡಾಕ್ಟರ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಪೆನ್ನು ಕೈಯಲ್ಲೇ ಇತ್ತು, ಕೊರಳಲ್ಲಿ ಸ್ಟೆತಸ್ಕೋಪೂ ಇತ್ತು. ಎರಡೂ ಇದ್ದಲ್ಲೇ ಇದ್ದವು. "ಎತ್ತಿಕೊಳ್ಳೋಕೆ ಹೇಳು," ಎಂದರು ಕುಶಲನಿಗೆ.

ಸಾಬವ್ವ ಎತ್ತಿಕೊಂಡಳು. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಒತ್ತಂಗಿಲ್ಲ."

"ಅಕ್ಕಾ, ಟೋಳಿನ ಕಳಸ್ತಾರ," ಎಂದ ಅಂಬಾರಾಯ. "ಇಪ್ಪತ್ತು ಮನಿ ಬೀದಿಗಿ ಬೀಳ್ತಾವ. ಒಂದು ಹೆಬ್ಬಟ್ಟು ಅಷ್ಟ ಅಲ್ಲೇನು."

"ಹನ್ನೊಂದು ವರ್ಷ ಉಚಲ ಅಂದ್ರು, ಎತ್ತೀನಿ. ಠೇವ ಅಂದ್ರು, ಇಟ್ಟೀನಿ. ಸರಕ ಅಂದ್ರು, ಸರದೀನಿ. ನಿನ್ನಿ ಹೇಲು ಹೊರು ಅಂದ್ರು, ಅದನ್ನೂ ಹೊತ್ತೀನಿ. ಇದೊಂದು ಇಡಂಗಿಲ್ಲ ತಮ್ಮಾ. ಕಳಸ್ಲಿ."

ಹೊರಗೆ ಅನುಸೂಯಾ ನಿಂತಿದ್ದಳು. ಇಬ್ಬರೂ ಹಳ್ಳಿಯ ಸರಕಾರಿ ದವಾಖಾನೆಯ ದಾರಿ ಹಿಡಿದರು. ನಾಲ್ಕು ಕಿಲೋಮೀಟರ್. ಕಂಪನಿಯ ಬಿಳಿ ಕ್ಯಾಬುಗಳು ಸಾಲಾಗಿ ಕಿಟಕಿ ಮುಚ್ಚಿಕೊಂಡು ಹೋದವು. ಕೈ ಮಾಡಿದರು. ಯಾರೂ ನಿಲ್ಲಿಸಲಿಲ್ಲ. ನಿನ್ನೆಯ ಗೊಬ್ಬರ ಎಷ್ಟು ತಿಕ್ಕಿದರೂ ಮೈಯಿಂದ ಹೋಗಿರಲಿಲ್ಲ. ಇಬ್ಬರೂ ಕೂಸನ್ನು ಕೈ ಬದಲಿಸುತ್ತ, ಅರ್ಧ ಓಡುತ್ತ, ಅರ್ಧ ನಡೆಯುತ್ತ ಮುಟ್ಟಿದರು.

ಅಲ್ಲಿ ನರ್ಸ್ ಸ್ನೇಹಲ್ ಇದ್ದಳು. ಮರಾಠಿಯವಳು, ಮೂವತ್ತು ವರ್ಷದ ಹೆಂಗಸು. "ಕಾಯ್ ಝಾಲಂ ಬಾಳಾಲಾ?" ಎಂದಳು.

ಕೂಸಿಗೆ ಏನಾಯಿತು ಎಂದು ಕೇಳುತ್ತಿದ್ದಾಳೆ ಎಂಬುದು ಸಾಬವ್ವನಿಗೆ ತಿಳಿಯಿತು. ಉತ್ತರ ಬಾಯಲ್ಲಿತ್ತು, ಹೊರಗೆ ಬರಲಿಲ್ಲ. ಕಳೆದ ಸಲ ಆ ಮಾತು ಆಡಿದ್ದಕ್ಕೆ ಎರಡು ಟ್ರ್ಯಾಕ್ಟರ್ ಹೊಲಸು ತಲೆಗೆ ಬಂದಿತ್ತು. ಈ ಸಲ ಏನು ಹೊರಿಸುತ್ತಾರೋ. ಮಗಳ ಮುಖ ನೋಡಿದಳು. ಕೊನೆಗೆ ತಪ್ಪು ಮಾಡಿದವಳಂತೆ ಮೆಲ್ಲಗೆ ಅಂದಳು.

"ಗೊಬ್ಬರ."

"ಗೋವರ?" ಎಂದಳು ಸ್ನೇಹಲ್.

ಸಾಬವ್ವ ಬಾಯಿ ತೆರೆದು ನಿಂತಳು. ಮರಾಠಿಯಲ್ಲಿ ಆ ರೋಗದ ಹೆಸರು ಗೋವರ. ಒಂದೆರಡು ಅಕ್ಷರದ ಅಂತರ. ಕನ್ನಡದವನಿಗೆ ತಿಳಿಯದ ಕನ್ನಡ ಮರಾಠಿಯವಳಿಗೆ ತಿಳಿಯಿತು. ಆ ಡಾಕ್ಟರೂ ಮರಾಠಿಯವರೇ. ಅಂದು ಕುಶಲನ ಬಾಯಿ ಬಿಟ್ಟು ಇವಳ ಬಾಯಿಗೆ ಕಿವಿ ಕೊಟ್ಟಿದ್ದರೆ ಅವರಿಗೂ ತಿಳಿಯುತ್ತಿತ್ತು.

ಸ್ನೇಹಲ್ ಕೂಸನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡಳು. ಕಿವಿ ಮಡಚಿದಳು. ಬಾಯಿ ತೆರೆಸಿದಳು. ಎದೆಗೆ ಕಿವಿಗೊಟ್ಟು ಕೇಳಿದಳು, ಗಡಿಯಾರ ನೋಡುತ್ತ ಉಸಿರು ಎಣಿಸಿದಳು. "ಗೋವರಚ್ ಆಹೇ," ಎಂದಳು, ಗೋವರವೇ. ಎದೆಯಲ್ಲಿ ಕಫ ಇಳಿದು ನ್ಯುಮೋನಿಯಾ ಆಗಿದೆ ಎಂದು ಕೈ ಸನ್ನೆಯಲ್ಲಿ ತೋರಿಸಿದಳು. ಕಣ್ಣು ಹೋಗದಿರಲೆಂದು ಹಳದಿ ಔಷಧದ ಹನಿ ಬಾಯಿಗೆ ಹಾಕಿದಳು. ದವಾಖಾನೆಯ ಜೀಪಿನಲ್ಲಿ ತಾಯಿಯನ್ನೂ ಕೂಸನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದಳು. ಭೀಮವ್ವ ಎಂಟು ದಿನ ಅಲ್ಲಿದ್ದು, ಮೂರು ದಿನ ಮೂಗಿಗೆ ನಳಿಗೆ ಹಾಕಿಸಿಕೊಂಡು, ಅರ್ಧ ಆಗಿ ಬದುಕಿ ಬಂತು. ಬಂದ ಮರುದಿನವೇ ಅಂಬಾರಾಯನ ಮೇಲೆ ಉಸುಕು ಎರಚಿತು.

ಟೋಳಿಯನ್ನು ಕಳಿಸಲಿಲ್ಲ. ಮೇಲಿನ ಮಹಡಿಗೆ ಫರಶಿ ಕಲ್ಲು ಹಾಸುವ ಕೆಲಸ ಬಾಕಿ ಇತ್ತಲ್ಲ. ಉದ್ಘಾಟನೆಯೂ ಚೆನ್ನಾಗಿ ನಡೆಯಿತು. ಗೊಬ್ಬರವಿಲ್ಲದ ಹುಲ್ಲಿನ ಮೇಲೆ ಪರದೇಶದವರು ಫೋಟೋ ತೆಗೆಸಿಕೊಂಡರು. ಆದರೆ ಸ್ನೇಹಲ್ ಲಸಿಕೆಯ ಡಬ್ಬಿ ಹೊತ್ತು ಎರಡು ಸಲ ಗೇಟಿಗೆ ಬಂದಳು. ಎರಡು ಸಲವೂ ಕಾವಲುಗಾರ ಡಾಕ್ಟರ ಕಾಗದ ತೋರಿಸಿ ತಿರುಗಿಸಿ ಕಳಿಸಿದ. ಇಲ್ಲಿ ರೋಗ ಇಲ್ಲ, ಅಲರ್ಜಿ ಅಷ್ಟೇ. ಕಂಪನಿಯವರು ಇಲ್ಲಿ ಗೋವರ ಇದೆ ಎಂದು ಒಂದು ಸಾಲು ಬರೆದುಕೊಟ್ಟರೆ ಅದೇ ದಿನ ಬರುತ್ತೇನೆ, ಇನ್ನೂ ರೋಗ ಏಳದ ಮಕ್ಕಳಿಗಾದರೂ ಚುಚ್ಚುತ್ತೇನೆ ಎಂದು ಅವಳು ಗೇಟಿನ ಆಚೆಯಿಂದ ಸನ್ನೆಯೂ ಮಾತೂ ಬೆರೆಸಿ ಸಾಬವ್ವನಿಗೆ ತಿಳಿಯುವಂತೆ ಹೇಳಿ ಹೋದಳು. ಆ ಒಂದು ಸಾಲಿಗೆ ಸಾಬವ್ವ ದಿನಾ ಆಫೀಸಿನ ಮುಂದೆ ನಿಂತಳು. ಭೀಮವ್ವನೊಬ್ಬಳಿಗಿದ್ದದ್ದು ಮೂರು ಕೂಸಿಗಾಯಿತು, ಮೂರು ಏಳಾಯಿತು, ಏಳು ಹನ್ನೊಂದಾಯಿತು. ರೋಗ ತಗುಲದ ಹಸುಗೂಸುಗಳು ಇನ್ನೂ ಎಂಟು ಉಳಿದಿದ್ದವು.

ಅಷ್ಟರಲ್ಲಿ ಕುಶಲ ಕಾಣದಾದ. ಹತ್ತು ಹನ್ನೆರಡು ದಿನ ಬಿಟ್ಟು ಒಂದು ಸಂಜೆ ಶೆಡ್ಡಿನ ಕಡೆಗೇ ಬಂದ. ತಲೆಯಲ್ಲಿ ಹೆಲ್ಮೆಟ್ ಇರಲಿಲ್ಲ. ಮುಖ ಸೊರಗಿತ್ತು, ಚರ್ಮ ಕಂದಿ ಹೊಟ್ಟು ಏಳುತ್ತಿತ್ತು. ಸಾಬವ್ವ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು. ಅವನು ಏನೂ ಹೇಳುವ ಮೊದಲೇ ಅವನ ಕಿವಿ ಮಡಚಿ ಹಿಂದೆ ಕಣ್ಣಾಡಿಸಿದಳು. ಸೇಫ್ಟಿ ಆಫೀಸರ್ ಸುಮ್ಮನೆ ನಿಂತು ತೋರಿಸಿದ.

"ಯಾವಾಗ ಎದ್ದಾವ್ರಿ?"

"ಆಯ್ತು, ಎಂಟು ದಿನ."

"ನೀವು ಗೊಬ್ಬರ ಹೊತ್ತಿದ್ದಿಲ್ಲಲ್ರಿ ಅವತ್ತು. ಅಲರ್ಜಿ ಹೆಂಗ ಬಂತು?"

ಸುತ್ತ ನಿಂತ ಹೆಂಗಸರು ಸೆರಗು ಬಾಯಿಗೆ ಹಿಡಿದರು.

"ಡಾಕ್ಟರ್ ಬಂದಿದ್ರೇನ್ರಿ?"

"ಮನೆಗೇ ಬಂದಿದ್ರು, ನಿಗಡಿಗೆ."

"ಮುಟ್ಟಿ ನೋಡಿದ್ರೇನು?"

"ನೋಡಿದ್ರು. ಟಾರ್ಚ್ ಹಾಕಿ ಬಾಯಿ ನೋಡಿದ್ರು. ನೋಡಿದ ತಕ್ಷಣ ಮೀಸಲ್ಸ್ ಅಂದ್ರು."

"ಹಂಗಾದ್ರ ಅವರಿಗಿ ಮುಟ್ಟಿ ನೋಡ್ಲಾಕ ಬರ್ತದ," ಎಂದಳು ಸಾಬವ್ವ. "ಬರಂಗಿಲ್ಲ ಅಂತ ಮಾಡಿದ್ದೆ."

ಕುಶಲ ಬಂದದ್ದಕ್ಕೆ ಕಾರಣವಿತ್ತು. ಅವನ ಕೈಯಲ್ಲಿ ರಜೆಯ ಅರ್ಜಿ. ಹದಿನಾಲ್ಕು ದಿನದ ರಜೆ ಮಂಜೂರಾಗಬೇಕಾದರೆ ರೋಗ ಎಲ್ಲಿ ತಗುಲಿತು ಎಂಬ ಜಾಗ ತುಂಬಲೇಬೇಕು. ಅವನು ಎರಡು ದಿನ ಆ ಖಾಲಿ ಜಾಗ ನೋಡುತ್ತ ಕೂತಿದ್ದ. ಶೆಡ್ಡಿನಲ್ಲಿ ಎಂದು ಬರೆದರೆ ಶೆಡ್ಡಿನಲ್ಲಿ ರೋಗ ಇದೆ ಎಂದಾಗುತ್ತದೆ, ಕಾಂಟ್ರಾಕ್ಟರ್ ಸುಮ್ಮನಿರುವುದಿಲ್ಲ. ಬರೆಯದಿದ್ದರೆ ಅದು ಸುಳ್ಳು. ನಿಗಡಿಯ ಫ್ಲ್ಯಾಟಿನಲ್ಲಿ ಹತ್ತು ದಿನ ಒಬ್ಬನೇ ಕಣ್ಣು ಮುಚ್ಚಿ ಮಲಗಿದ್ದಾಗ, ಅಂದು ಮೇಜಿನ ಮೇಲೆ ಮಲಗಿದ್ದ ಕೂಸು ಅವನಿಗೆ ನೆನಪಾಗುತ್ತಿತ್ತು.

"ಏನು ಬರೀಲಿ ಸಾಬವ್ವ?" ಎಂದ. ಅವಳ ಹೆಸರು ಅವನ ಬಾಯಲ್ಲಿ ಸರಿಯಾಗಿ ಬಂದದ್ದು ಅಂದೇ.

"ಕುಂದರ್ರಿ," ಎಂದಳು ಅವಳು. ಡಬ್ಬಿಯೊಂದನ್ನು ಬೋರಲು ಹಾಕಿ ಕೂಡಿಸಿದಳು. "ಎಲ್ಲಿಂದ, ಯಾರಿಂದ ಬಂತು ಅಂತ ಬೇಕಲ್ರಿ. ಹೆಸರು ಹೇಳ್ತೀನಿ, ಬರ್ಕೋರಿ. ಭೀಮವ್ವ, ಎರಡು ವರ್ಷ. ಫಕೀರಪ್ಪ, ನಾಕು ವರ್ಷ. ಶಿವಬಸವ್ವ, ಹತ್ತು ತಿಂಗಳು."

ಒಂದೊಂದು ಹೆಸರಿಗೂ ಒಂದೊಂದು ಶೆಡ್ಡಿನ ಬಾಗಿಲ ಕಡೆ ಕೈ ತೋರಿಸುತ್ತ ಹೇಳಿದಳು. ತಾಯಂದಿರು ಬಾಗಿಲಿಗೆ ಬಂದು ನಿಂತು ವಯಸ್ಸು ತಿದ್ದಿದರು. ಕುಶಲ ಅರ್ಜಿಯ ಹಿಂಬದಿಗೆ ಅಂಕಿ ಹಾಕಿ ಬರೆಯುತ್ತ ಹೋದ. ಹನ್ನೊಂದು ಆಯಿತು. ಪೆನ್ನು ಮುಚ್ಚಿದ.

"ಇನ್ನೊಂದು ಅದ," ಎಂದಳು ಸಾಬವ್ವ. "ಮಾರ್ತಾಂಡ."

"ಯಾವ ಶೆಡ್ಡು?"

"ಶೆಡ್ಡಿನ್ಯಾಗ ಇಲ್ರಿ. ನನ್ನ ಮಗ. ನಾವು ಈ ಊರಿಗಿ ಬಂದ ವರ್ಷ, ನಿಗಡಿಯಾಗ ಫ್ಲ್ಯಾಟ್ ಕಟ್ಲಾಕತ್ತಿದ್ವಿ. ಅವಗೂ ಹಿಂಗ ಎದ್ದಿದ್ದು. ಅಲ್ಲಿ ಡಾಕ್ಟರ್ ಉಷ್ಣ ಅಂದ. ಆರು ದಿನಕ್ಕ ಹೋದ."

ಅನುಸೂಯಾ ತಾಯಿಯ ಹಿಂದೆ ಬಂದು ನಿಂತಳು. ಕುಶಲ ಏನೋ ಹೇಳಲು ಹೋದ. ಅದು ಈ ಸೈಟಲ್ಲ, ಹನ್ನೊಂದು ವರ್ಷವಾಯಿತು, ಈ ಅರ್ಜಿಗೆ ಅದು ಬರುವುದಿಲ್ಲ. ಸಾಬವ್ವನ ಮುಖ ನೋಡಿ, ಪೆನ್ನು ತೆರೆದ.

"ವಯಸ್ಸು?"

"ಮೂರು. ಮುಂದ ಆಗಲಿಲ್ಲ."

ಅವನು ಹನ್ನೆರಡು ಎಂದು ಅಂಕಿ ಹಾಕಿ ಬರೆದ. ಮೇಲೆ, ರೋಗ ಎಲ್ಲಿ ತಗುಲಿತು ಎಂಬಲ್ಲಿ ಸೈಟಿನ ಹೆಸರು ತುಂಬಿ ಸಹಿ ಮಾಡಿದ. ಒಂದು ಪ್ರತಿ ಗೇಟಿನ ಆಚೆ ಸ್ನೇಹಲ್ ಕೈಗೆ ಬೆಳಿಗ್ಗೆಯೇ ಕೊಡುತ್ತೇನೆ, ಆಮೇಲೆ ಏನಾಗುತ್ತದೋ ಆಗಲಿ ಎಂದ.

"ಒಮ್ಮಿ ಓದ್ರಿ," ಎಂದಳು ಸಾಬವ್ವ.

ಓದಿದ. ಹನ್ನೆರಡು ಹೆಸರನ್ನೂ ಅವಳು ನೆಲ ನೋಡುತ್ತ ಕೇಳಿದಳು.

"ಕಡೀದು ಇನ್ನೊಮ್ಮಿ ಓದ್ರಿ."

ಕುಶಲ ಓದಿದ.